ಗೆರೆ ಬಾಗುವ ಜಾಗ

ಸಾಕಮ್ಮ ರೊಟ್ಟಿ ತಟ್ಟಿಟ್ಟು ಬಾಗಿಲು ಬಡಿಯುತ್ತಿದ್ದಾಗಲೇ ನಾಗೇಂದ್ರನ ಇನ್ನೊಂದು ಲೇಸರ್ ಡಯೋಡ್ ಸತ್ತುಹೋಯಿತು.

"ಲೇ, ತಣ್ಣಗಾಯ್ತದೆ ಬಾರ್ಲಾ."

"ಬಂದೆ ಕಣವ್ವ."

ಅವನು ಏಳಲಿಲ್ಲ. ಒಂದು ಗಳಿಗೆಯ ಹಿಂದೆ ಹಲಗೆಯ ಮೇಲೆ ಸೂಜಿಮೊನೆಯಷ್ಟು ಜಾಗದಲ್ಲಿ ನೀಲಿ ಬೆಳಕು ಉರಿಯುತ್ತಿತ್ತು, ದಾರದಂಥ ಹೊಗೆ ಏಳುತ್ತಿತ್ತು. ಈಗ ಸೆಲ್ ಮುಗಿದ ಟಾರ್ಚಿನ ಹಾಗೆ ಮಂಕು ಬೆಳಕಷ್ಟೇ ಉಳಿದಿತ್ತು. ಅಂಗಿ ಗುಂಡಿಯಷ್ಟು ಅಗಲದ ಹಿತ್ತಾಳೆ ಬಿಲ್ಲೆ, ಅದರೊಳಗೆ ರಾಗಿ ಕಾಳಿಗಿಂತ ಸಣ್ಣ ಚೂರು. ಆ ಚೂರು ಸುಟ್ಟುಹೋಗಿತ್ತು. ಕರೆಂಟು ಜಾಸ್ತಿಯಾಗಿತ್ತು ಎಂಬುದು ಅವನಿಗೆ ಗೊತ್ತು. ಎಷ್ಟು ಕೊಟ್ಟರೆ ಜಾಸ್ತಿ ಎಂಬುದೇ ಗೊತ್ತಿರಲಿಲ್ಲ.

ನಾಗೇಂದ್ರ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರೀಷಿಯನ್. ಮನೆ ದೇವನೂರು. ಹಿಂದೆ ರೇಷ್ಮೆಹುಳದ ತಟ್ಟೆಗಳಿದ್ದ ಹಿತ್ತಿಲ ಕೋಣೆಯಲ್ಲಿ ಈಗ ಅವನ ಯಂತ್ರವಿತ್ತು. ಗುಜರಿಗೆ ಹೋಗಬೇಕಿದ್ದ ಪ್ರಿಂಟರುಗಳ ಕಂಬಿ, ಮೋಟಾರು ಬಿಚ್ಚಿ ತಾನೇ ಜೋಡಿಸಿಕೊಂಡಿದ್ದ. ಅದಕ್ಕೆ ಲೇಸರ್ ಕೂರಿಸಿ ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಮರದ ಮೇಲೆ ಸುಟ್ಟು ಕೆತ್ತುತ್ತದೆ. ಮೊದಮೊದಲು ಕೆಲಸದ ಗೆಳೆಯರ ಹೆಸರು, ಬುದ್ಧನ ಚಿತ್ರ, ಎಲೆ ಬಳ್ಳಿ ಕೆತ್ತುತ್ತಿದ್ದ. ಅಷ್ಟಕ್ಕೆ ಸಣ್ಣ ಡಯೋಡೇ ಸಾಕಾಗುತ್ತಿತ್ತು.

ಈಗ ಅವನು ಹಿಡಿದಿದ್ದ ಕೆಲಸ ಬೇರೆ. ಸಾಕಮ್ಮನ ಕಣ್ಣಿನ ನರವನ್ನು ಗ್ಲಾಕೋಮಾ ಮೆಲ್ಲಮೆಲ್ಲನೆ ತಿಂದು, ಕೊನೆಗೆ ಬೆಳಕಿನ ಸುಳಿವನ್ನೂ ಉಳಿಸಿರಲಿಲ್ಲ. ಅಡುಗೆಮನೆ ಅವಳಿಗೆ ಕೈಯಳತೆಯಲ್ಲೇ ಗೊತ್ತಿತ್ತು. ರೊಟ್ಟಿ ತಟ್ಟುತ್ತಿದ್ದಳು, ಸಾರು ಕಾಯಿಸುತ್ತಿದ್ದಳು. ನಡುಮನೆಯ ಗೋಡೆಯಲ್ಲಿ ಬಾಬಾಸಾಹೇಬರ ಪಟದ ಪಕ್ಕ ಅವಳ ಗಂಡ ಮಂಟೇಸ್ವಾಮಿಯ ಪಟವಿತ್ತು. ಅವನು ತೀರಿಹೋಗಿ ಬಹಳ ಕಾಲವಾಗಿತ್ತು. ಆ ಪಟವನ್ನು ಅವಳು ಸೆರಗಿನಿಂದ ಒರೆಸುವುದನ್ನು ನಾಗೇಂದ್ರ ಒಮ್ಮೆ ನೋಡಿದ. ಒರೆಸಿದ ಮೇಲೂ ಅವಳ ಬೆರಳು ಗಾಜಿನ ಮೇಲೆ ಒಂದಿಷ್ಟು ಹೊತ್ತು ನಿಂತಿತ್ತು. ಅಪ್ಪನ ಮುಖವನ್ನು ಮರದಲ್ಲಿ ಆಳವಾಗಿ, ಹಳ್ಳ ದಿಣ್ಣೆ ಕೈಗೆ ಸಿಗುವಂತೆ ಕೆತ್ತಿಕೊಡಬೇಕು ಎಂದು ಅವತ್ತೇ ಅವನಿಗೆ ಅನ್ನಿಸಿದ್ದು. ಅವಳಿಗೆ ಹೇಳಲಿಲ್ಲ. ಆಳ ಬೇಕಾದರೆ ಬೆಳಕು ಜೋರಾಗಿರಬೇಕು, ಬೆಳಕು ಜೋರಾಗಬೇಕಾದರೆ ಕರೆಂಟು ಏರಿಸಬೇಕು. ಏರಿಸಿದಾಗಲೆಲ್ಲ ಡಯೋಡ್ ಸಾಯುತ್ತಿತ್ತು. ಮಾರುವವರು ಜೊತೆಗೆ ಯಾವ ವಿವರವನ್ನೂ ಕೊಡುತ್ತಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಒಬ್ಬ ಮೂರು ಆಂಪಿಯರ್ ಅಂದರೆ ಇನ್ನೊಬ್ಬ ಐದು ಅನ್ನುತ್ತಿದ್ದ.

ಅವತ್ತು ಅವನು ಸತ್ತ ಡಯೋಡಿನ ಫೋಟೋ ತೆಗೆದು, ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಕನ್ನಡ ವಾಟ್ಸಾಪ್ ಗುಂಪಿಗೆ ಹಾಕಿದ. ಸಂಜೆ ಇಂದ್ರಾಣಿ ಎಂಬವರಿಂದ ಉತ್ತರ ಬಂತು: "ಎಷ್ಟು ಕರೆಂಟ್ ಕೊಟ್ಟಿದ್ರಿ? ಬೆಳಕು ಅಳೆದಿದ್ರಾ? ಕನ್ನಡಕ ಹಾಕಿದ್ರಾ?"

ಮೊದಲ ಎರಡಕ್ಕೆ ಉತ್ತರ ಬರೆದ. ಅವರು ಮೂರನೆಯದನ್ನೇ ಮತ್ತೆ ಕೇಳಿದರು.

"ಕೂಲಿಂಗ್ ಗ್ಲಾಸ್ ಹಾಕ್ತೀನಿ" ಎಂದು ಬರೆದ.

"ಅದು ಬಿಸಿಲಿಗೆ. ಲೇಸರ್‌ಗೆ ಅಂತಾನೇ ಬೇರೆ ಸಿಗುತ್ತೆ. ಮೊದಲು ಅದನ್ನ ತರಿಸಿ. ಆಮೇಲೆ ಡಯೋಡ್ ವಿಷಯ ಮಾತಾಡೋಣ."

ನಾಗೇಂದ್ರನಿಗೆ ಸಿಟ್ಟು ಬಂತು. ಇವರ್ಯಾರು ನನಗೆ ಹೇಳೋಕೆ ಅಂದುಕೊಂಡ. ಆದರೂ ಆ ಮಾತು ತಲೆಯಿಂದ ಹೋಗಲಿಲ್ಲ. ಕಿತ್ತಳೆ ಬಣ್ಣದ ಗಾಜಿನ ಕನ್ನಡಕ ತರಿಸಿ, ಹಾಕಿಕೊಂಡು, ತನ್ನದೇ ಫೋಟೋ ಕಳಿಸಿದ. "ಈಗ ಸರಿ. ಶನಿವಾರ ಮಧ್ಯಾಹ್ನ ಬನ್ನಿ. ನಮ್ಮ ಲ್ಯಾಬಲ್ಲಿ ಬೆಳಕು ಅಳೆಯೋ ಮೀಟರ್ ಇದೆ" ಎಂದು ಇಂದ್ರಾಣಿ ಬರೆದರು.

ಇಂದ್ರಾಣಿ ತಿ. ನರಸೀಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪ್ರಯೋಗಾಲಯದ ಬೋಧಕಿ. ಮೂವತ್ತು ದಾಟಿದ, ತೆಳ್ಳನೆಯ, ಮಾತು ಕಡಿಮೆಯ ಹೆಂಗಸು. ನಾಗೇಂದ್ರ ಬಸ್ಸಿಳಿದು ಚೀಲ ಹಿಡಿದು ಲ್ಯಾಬಿಗೆ ಹೋದಾಗ ಅವಳು ಸಿಂಕಿನ ಸ್ಟೀಲ್ ನಲ್ಲಿಗೆ ಕಪ್ಪು ಬಟ್ಟೆ ಸುತ್ತುತ್ತಿದ್ದಳು.

"ವಾಚ್ ಬಿಚ್ಚಿ. ಉಂಗುರ ಇದ್ರೆ ಅದೂನೂ" ಎಂದಳು. ತನ್ನ ಬಳೆಗಳನ್ನೂ ತೆಗೆದು ಡ್ರಾಯರಿಗೆ ಹಾಕಿದಳು. "ಹೊಳೆಯೋದೆಲ್ಲ ಬೆಳಕನ್ನ ವಾಪಸ್ ಎಸೆಯುತ್ತೆ. ಎಲ್ಲಿಗೆ ಎಸೆಯುತ್ತೆ ಅಂತ ಯಾರಿಗೂ ಗೊತ್ತಾಗಲ್ಲ."

ಬಾಗಿಲಿಗೆ 'ಲೇಸರ್ ಉರಿಯುತ್ತಿದೆ, ಒಳಗೆ ಬರಬೇಡಿ' ಎಂಬ ಹಲಗೆ ತೂಗುಹಾಕಿ ಬಂದಳು. ಅವನು ತಂದಿದ್ದ ಹೊಸ ಡಯೋಡನ್ನು ದಪ್ಪ ತಾಮ್ರದ ತುಂಡಿಗೆ ಕೂರಿಸಿ, ಹಿಂದೆ ಫ್ಯಾನ್ ಇಟ್ಟು, ಎದುರಿಗೆ ಮೀಟರಿನ ಕಪ್ಪು ಬಿಲ್ಲೆ ನಿಲ್ಲಿಸಿದರು. ನಾಗೇಂದ್ರ ಕರೆಂಟನ್ನು ಒಂದೊಂದೇ ಚೂರು ಏರಿಸಬೇಕು, ಮೀಟರಿನ ಅಂಕಿ ಓಡಾಟ ನಿಲ್ಲುವ ತನಕ ಕಾಯಬೇಕು, ಅವಳು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಬೇಕು. ಅವನಿಗೆ ಕಾಯುವುದು ಅಭ್ಯಾಸವಿರಲಿಲ್ಲ. ಮನೆಯಲ್ಲಾಗಿದ್ದರೆ ತಿರುಪನ್ನು ಒಂದೇ ಸಲ ತಿರುಗಿಸಿಬಿಡುತ್ತಿದ್ದ.

ಮೊದಲು ಕರೆಂಟು ಏರಿದಷ್ಟೂ ಬೆಳಕು ಏರಿತು. ಚುಕ್ಕೆಗಳು ಅಡಿಕೋಲಿಟ್ಟ ಹಾಗೆ ನೇರ ಗೆರೆಯಲ್ಲಿ ಕೂತವು. ಮೂರು ಆಂಪಿಯರ್ ದಾಟಿ ಸ್ವಲ್ಪ ಮುಂದೆ ಹೋದ ಮೇಲೆ ಗೆರೆ ಬಾಗತೊಡಗಿತು. ಕರೆಂಟು ಅಷ್ಟೇ ಏರಿದರೂ ಬೆಳಕು ಅಷ್ಟು ಏರಲಿಲ್ಲ.

"ಇಲ್ಲಿಗೆ ನಿಲ್ಲಿಸೋಣ" ಎಂದಳು ಇಂದ್ರಾಣಿ. "ಇಲ್ಲಿಂದಾಚೆ ನೀವು ಕೊಡೋದು ಬೆಳಕಾಗ್ತಿಲ್ಲ, ಬಿಸಿ ಆಗ್ತಿದೆ."

"ಇನ್ನೊಂಚೂರು ನೋಡೋಣ ಕಣ್ರೀ. ಐದಕ್ಕೂ ತಡೆಯುತ್ತೆ ಅಂತಾರೆ."

"ತಡೆಯಬಹುದು. ಎಷ್ಟು ಹೊತ್ತು?"

ಅವನು ಇನ್ನೊಂಚೂರು ಏರಿಸಿದ. ಮತ್ತೆ ಇನ್ನೊಂಚೂರು. ಮೀಟರಿನ ಅಂಕಿ ಒಮ್ಮೆ ತಡವರಿಸಿ ಸರ್ರನೆ ಕೆಳಗಿಳಿದು ಸೊನ್ನೆಯ ಹತ್ತಿರ ಹೋಗಿ ನಿಂತಿತು. 'ನಾ ಹೇಳಲಿಲ್ವಾ' ಎನ್ನುತ್ತಾಳೆಂದು ಅವನು ಕಾದ. ಅವಳು ಪೆನ್ಸಿಲ್ ತೆಗೆದುಕೊಂಡು ಹಾಳೆಯ ಮೇಲೆ ಸಣ್ಣದೊಂದು ಅಡ್ಡಗುರುತು ಹಾಕಿದಳು.

"ಸತ್ತ ಜಾಗಾನೂ ಒಂದು ಅಳತೆನೇ" ಎಂದಳು. "ಟೀ ಕುಡಿಯೋಣ ಬನ್ನಿ."

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತಾಗ, ಅಷ್ಟು ಜೋರು ಬೆಳಕು ಯಾಕೆ ಬೇಕು ಎಂದು ಕೇಳಿದಳು. ನಾಗೇಂದ್ರ ಯಾರಿಗೂ ಹೇಳದಿದ್ದುದನ್ನು ಅವಳಿಗೆ ಹೇಳಿದ: ಅವ್ವ, ಪಟದ ಗಾಜು, ಮರದಲ್ಲಿ ಮೂಡಬೇಕಾದ ಮುಖ. ಅವಳು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡಳು.

"ನಂಗೂ ಎಡಗಣ್ಣಲ್ಲಿ ಒಂದು ಚುಕ್ಕೆ ಇದೆ" ಎಂದಳು ಆಮೇಲೆ. "ಎಂಎಸ್ಸಿ ಮಾಡುವಾಗ. ಬೆಳಕು ಸರಿಯಾದ ಜಾಗಕ್ಕೆ ಬೀಳ್ತಿದೆಯಾ ಅಂತ ನೋಡೋಕೆ ಕನ್ನಡಕ ಎತ್ತಿದೆ. ರೆಪ್ಪೆ ಬಡಿಯೋಷ್ಟು ಹೊತ್ತು, ಅಷ್ಟೇ. ನೋವೂ ಆಗಲಿಲ್ಲ. ಅವತ್ತಿಂದ ಆ ಕಣ್ಣಲ್ಲಿ ಯಾರನ್ನ ನೋಡಿದ್ರೂ ಮುಖದ ನಡುವೆ ಬೂದಿ ಅಂಟಿದಂಗೆ ಕಾಣುತ್ತೆ."

ನಾಗೇಂದ್ರ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟ.

"ನೋಡೋಕೆ ಬಂದ ಗಂಡಿನ ಕಡೆಯೋರಿಗೆಲ್ಲ ನಾನೇ ಮೊದಲು ಹೇಳ್ಬಿಡ್ತಿದ್ದೆ. ಕೇಳ್ಕೊಂಡು ಹೋಗೋರು. ಬಲಗಣ್ಣು ಚೆನ್ನಾಗಿದೆಯಾ ಅಂತ ಒಬ್ಬರೂ ಕೇಳ್ಲಿಲ್ಲ."

"ಚೆನ್ನಾಗಿದೆಯಾ?" ಎಂದ ನಾಗೇಂದ್ರ.

ಅವಳು ತಲೆ ಎತ್ತಿದಳು. ಅವನು ನಿಜಕ್ಕೂ ತಿಳಿಯಲೆಂದೇ ಕೇಳಿದ್ದ. ಅವಳಿಗೆ ನಗು ಬಂತು. ಟೀ ಚೆಲ್ಲುವಷ್ಟು ನಕ್ಕಳು.

"ತುಂಬ ಚೆನ್ನಾಗಿದೆ" ಎಂದಳು.

ಆಮೇಲೆ ಅವನು ಶನಿವಾರಗಳಿಗೆ ಕಾಯತೊಡಗಿದ. ಬೇರೆ ಬೇರೆ ಕಡೆಯಿಂದ ತರಿಸಿದ ಡಯೋಡ್‌ಗಳನ್ನು ಒಂದೊಂದಾಗಿ ಅಳೆದರು. ಒಂದರ ಗೆರೆ ಬೇಗ ಬಾಗಿತು, ಇನ್ನೊಂದರದು ತಡವಾಗಿ. ಫ್ಯಾನ್ ನಿಲ್ಲಿಸಿ ನೋಡಿದರೆ ಅದೇ ಡಯೋಡಿನ ಗೆರೆ ಇನ್ನೂ ಮುಂಚೆಯೇ ಬಾಗಿತು. ಅವಳು ಹೇಳುವ ಮೊದಲೇ ನಿಲ್ಲಿಸುವುದನ್ನು ನಾಗೇಂದ್ರ ಕಲಿತ. ಎಲ್ಲಕ್ಕಿಂತ ಮುಂಚೆ ಬಾಗಿದ ಡಯೋಡನ್ನೇ ಲೆಕ್ಕಕ್ಕಿಟ್ಟುಕೊಂಡು, ಅದಕ್ಕೂ ಒಂದಿಷ್ಟು ಈಚೆಗೆ, ಮೂರು ಆಂಪಿಯರ್‌ಗೆ ಕಟ್ಟು ಹಾಕಿಕೊಂಡರು. ಹಾಗೆ ಕಟ್ಟು ಹಾಕಿದ ಮೇಲೆ ಒಂದು ಡಯೋಡೂ ಸಾಯಲಿಲ್ಲ.

ಅವನು ಮನೆಯಿಂದ ಹುರುಳಿಕಾಳಿನ ಉಸಲಿ ಕಟ್ಟಿಸಿಕೊಂಡು ಹೋಗುತ್ತಿದ್ದ. ಅವಳು ಸೋಸಲೆಯ ತನ್ನ ಮನೆ ಹಿತ್ತಿಲಿನ ಸೀಬೆಹಣ್ಣು ತರುತ್ತಿದ್ದಳು. ಬಸ್ಸು ಹೊರಟ ಮೇಲೆ ಅವನ ಫೋನಿಗೆ 'ಸೀಟು ಸಿಕ್ತಾ?' ಎಂದು ಮೆಸೇಜು ಬರುತ್ತಿತ್ತು.

"ಶನಿವಾರ ಶನಿವಾರ ನಮ್ಮನೇಲಿ ಸೋಪು ಬಾಳ ಕರಗ್ತದೆ ಕಣ್ಲಾ" ಎಂದಳು ಸಾಕಮ್ಮ ಒಂದು ದಿನ.

"ಬೇಸಿಗೆ ಕಣವ್ವ."

"ಊ. ಬೇಸಿಗೆ" ಎಂದು ಅವಳು ಒಳಗೊಳಗೇ ನಕ್ಕಳು.

ಮೂರು ಆಂಪಿಯರಿನ ಬೆಳಕಿಗೆ ಒಂದೇ ಸಲಕ್ಕೆ ಆಳ ಸಿಗುತ್ತಿರಲಿಲ್ಲ. ಹಾಗಾಗಿ ಅದೇ ಗೆರೆಯ ಮೇಲೆ ಮತ್ತೆ ಮತ್ತೆ, ನಿಧಾನವಾಗಿ, ತೆಳ್ಳಗೆ ಸುಡಬೇಕಾಗುತ್ತಿತ್ತು. ನಾಗೇಂದ್ರ ಕೆಲಸದಿಂದ ಬಂದು, ಉಂಡು, ಕೋಣೆಯ ಚಿಲಕ ಹಾಕಿಕೊಂಡು ಕೂರುತ್ತಿದ್ದ. ಯಂತ್ರ ಹಲಗೆಯ ಮೇಲೆ ಹೋಗಿ ಬರುತ್ತಿತ್ತು. ಅವನು ಮಸಿಯನ್ನು ಬ್ರಷ್ಷಿನಿಂದ ಒರೆಸಿ ಮತ್ತೆ ಹೊರಡಿಸುತ್ತಿದ್ದ. ಮೊದಲು ಹಣೆ ಮೂಡಿತು, ಆಮೇಲೆ ಮೂಗು, ಮೀಸೆ, ಗಲ್ಲದ ಗುಳಿ. ಹಲಸಿನ ಹಲಗೆಯ ಮೇಲೆ ಅಪ್ಪನ ಮುಖ ಪೂರ್ತಿ ಎದ್ದು ನಿಂತ ದಿನ ಅವನು ಕೊನೆಯ ಸಲ ಮಸಿ ಒರೆಸಿದ. ಫೋಟೋ ತೆಗೆದು ಇಂದ್ರಾಣಿಗೆ ಕಳಿಸಿದ.

"ಅಮ್ಮನಿಗೆ ಕೊಡುವಾಗ ನಾನೂ ಇರಬಹುದಾ?" ಎಂದು ಕೇಳಿದಳು.

ಭಾನುವಾರ ಬೆಳಿಗ್ಗೆ ನಂಜನಗೂಡಿನಲ್ಲಿ ಬಸ್ಸು ಬದಲಿಸಿ ದೇವನೂರಿಗೆ ಬಂದಳು. ಸಾಕಮ್ಮ ಅವಳ ಎರಡೂ ಕೈ ಹಿಡಿದುಕೊಂಡು, "ಸೀಬೆಹಣ್ಣು ಕಳಿಸೋಳು ನೀನೇಯಾ ಮಗಾ? ಬಾ ಕೂತ್ಕ" ಎಂದಳು. ನಾಗೇಂದ್ರ ಹಲಗೆಯನ್ನು ತಂದು ಅವ್ವನ ಮಡಿಲಿನಲ್ಲಿಟ್ಟ.

"ಏನ್ಲಾ ಇದು?"

"ಮುಟ್ಟಿ ನೋಡವ್ವ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಹಲಗೆಯ ಮೇಲೆ ಬೆರಳಾಡಿಸಿದಳು. "ಮರ ಚೆಂದಾಗದೆ. ಅಲಸಿಂದಾ?"

"ಹೂಂ."

"ಇದು ಮೂಗು. ಇದು ಮೀಸೆ." ಬೆರಳು ಹಣೆಗೆ ಹೋಯಿತು, ಗಲ್ಲಕ್ಕೆ ಇಳಿಯಿತು. "ಯಾರ್ಲಾ ಇದು? ನಿಮ್ಮ ಪ್ಯಾಕ್ಟ್ರಿ ಸಾಯೇಬ್ರಾ?"

ನಾಗೇಂದ್ರ ಅವಳ ಹತ್ತಿರಕ್ಕೆ ಬಗ್ಗಿದ. "ಅಪ್ಪ ಕಣವ್ವ" ಎಂದ.

ಸಾಕಮ್ಮನ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಮುಟ್ಟುತ್ತಾ ಬಂದಳು, ಈ ಸಲ ಬಹಳ ನಿಧಾನವಾಗಿ. "ಊ ಕಣಪ್ಪ" ಎಂದಳು ಕೊನೆಗೆ, "ಅವ್ರೇಯ. ಮೂಗು ಅವ್ರದ್ದೇಯ. ನಂಗೇ ಗ್ಯಾನ ಇಲ್ದೋಯ್ತು ನೋಡು."

ಅವಳು ತನಗೋಸ್ಕರ ಸುಳ್ಳು ಹೇಳುತ್ತಿದ್ದಾಳೆ ಎಂದು ನಾಗೇಂದ್ರನಿಗೆ ಗೊತ್ತಾಯಿತು. ಅವನು ಗೋಡೆಯ ಕಡೆ ತಿರುಗಿದ. ಇಂದ್ರಾಣಿ ಅವರಿಬ್ಬರನ್ನೂ ನೋಡಿ, ಸಾಕಮ್ಮನ ಪಕ್ಕ ಬಂದು ಕೂತಳು.

"ಅಮ್ಮ, ಗುರುತು ಸಿಗಲಿಲ್ಲ ಅಲ್ವಾ?" ಎಂದಳು ಮೆಲ್ಲಗೆ.

ಸಾಕಮ್ಮ ತಡೆದು ತಡೆದು ಮಾತಾಡಿದಳು. "ಅವರ ಮಖಾನ ನಾನ್ಯಾವತ್ತು ಕೈಲಿ ಮುಟ್ಟಿ ನೋಡಿದ್ದೆ ಮಗಾ? ಕಣ್ಣಲ್ಲಿ ನೋಡಿದ್ದು. ಕಣ್ಣಲ್ಲಿ ನೋಡಿದ್ದೆಲ್ಲ ಇಲ್ಲೇ ಅದೆ." ಹಣೆ ಮುಟ್ಟಿಕೊಂಡಳು. "ಅವರು ದಿನಾ ಕಾಣ್ತಾರೆ. ಹೊಲದಿಂದ ಬಂದಂಗೆ, ನೀರ್ ಕುಡಿದಂಗೆ, ನನ್ ಬೈದಂಗೆ. ಅವರನ್ನ ತೋರ್ಸೋದೇನೂ ಬೇಕಾಗಿಲ್ಲ. ಕಾಣ್ದೇ ಇರೋನು ಅಂದ್ರೆ ಇವ್ನು."

ನಾಗೇಂದ್ರ ತಿರುಗಿ ನೋಡಿದ.

"ಕೆಲ್ಸದಿಂದ ಬತ್ತಾನೆ. ಉಣ್ತಾನೆ. ಆ ಕೋಣೆ ಸೇರ್ಕತಾನೆ. ಚಿಲ್ಕದ ಸದ್ದು ಕೇಳ್ತದೆ, ಆಮೇಕೆ ಸುಟ್ಟ ವಾಸ್ನೆ ಬತ್ತದೆ. ಏನ್ ಸುಟ್ಕೊಂಡ್ನೋ ಏನೋ ಅಂತ ಬಾಗ್ಲಾಚೆ ಎದ್ರುಕೊಂಡು ಕೂತಿರ್ತೀನಿ. ಕೂಗುದ್ರೆ ಬಂದೆ ಕಣವ್ವ ಅಂತಾನೆ. ಬರಾಕಿಲ್ಲ. ಮಗನ್ನ ಇಸ್ಕೂಲ್ಗೆ ಕಳಿಸಿ ಕೂತಿದ್ದಾಗ್ಲೂ ಇಷ್ಟು ಕಾದಿರ್ನಿಲ್ಲ ನಾನು."

ಅವಳ ದನಿಯಲ್ಲಿ ದೂರು ಇರಲಿಲ್ಲ. ಮಳೆ ಬಂತು, ಬಿಸಿಲು ಬಂತು ಎನ್ನುವ ಹಾಗೆ ಹೇಳಿದಳು. ನಾಗೇಂದ್ರನಿಗೆ ಅದನ್ನು ನಿಂತು ಕೇಳಲಾಗಲಿಲ್ಲ. ಕೆಳಗೆ ಕೂತು ಅವ್ವನ ಮಂಡಿಯ ಮೇಲೆ ತಲೆಯಿಟ್ಟ. ಅವಳು ಹಲಗೆಯನ್ನು ಪಕ್ಕಕ್ಕಿಟ್ಟು ಅವನ ತಲೆಯ ಮೇಲೆ ಕೈಯಾಡಿಸಿದಳು.

"ಕೂದ್ಲು ಉದ್ರೋಗದಲ್ಲ ಮಗಾ" ಎಂದಳು ಗಾಬರಿಯಿಂದ. "ಯಾವಾಗ ಉದುರ್ತು?"

ಅವನು ಅಳುತ್ತಲೇ ನಕ್ಕ. ಇಂದ್ರಾಣಿ ಎದ್ದು ಜಗುಲಿಗೆ ಹೋಗಿ, ಬೀದಿಯ ಕೋಳಿಗಳನ್ನು ನೋಡುತ್ತಾ ಕೂತಳು.

ಸ್ವಲ್ಪ ಹೊತ್ತಿಗೆ ಅವನು ಹೊರಗೆ ಬಂದು ಅವಳ ಪಕ್ಕ ಕೂತ. "ಅವ್ವನಿಗೆ ಏನೂ ಆಗಬಾರ್ದು ಅಂತಾನೇ ಚಿಲಕ ಹಾಕ್ತಿದ್ದೆ ಕಣ್ರೀ."

"ಗೊತ್ತು" ಎಂದಳು ಇಂದ್ರಾಣಿ. "ಯಂತ್ರಕ್ಕೇ ಒಂದು ಪೆಟ್ಟಿಗೆ ಮಾಡೋಣ. ಎಲ್ಲ ಕಡೆ ಮುಚ್ಚಿರಬೇಕು, ನೋಡೋಕೆ ಲೇಸರ್ ತಡೆಯೋ ಗಾಜಿನ ಕಿಂಡಿ. ಮುಚ್ಚಳ ಎತ್ತಿದ್ರೆ ಕರೆಂಟೇ ನಿಂತುಹೋಗೋ ಸ್ವಿಚ್ ಹಾಕೋಣ. ಬೆಳಕು ಪೆಟ್ಟಿಗೆ ಒಳಗೇ ಇದ್ರೆ ಕೋಣೆ ಬಾಗಿಲು ಯಾಕೆ ಹಾಕಬೇಕು?"

ನಾಗೇಂದ್ರ ಅವಳನ್ನೇ ನೋಡಿದ. ಇಷ್ಟು ದಿನ ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಜೊತೆಗೆ ಬಹಳ ಹಗುರವೂ ಆಯಿತು.

ಮುಂದಿನ ಭಾನುವಾರಗಳಲ್ಲಿ ಇಬ್ಬರೂ ಸೇರಿ ಪೆಟ್ಟಿಗೆ ಮಾಡಿದರು. ಅವನು ಹಲಗೆ ಕೊಯ್ದ, ಅವಳು ಸಂದುಗಳಿಗೆ ಕಪ್ಪು ಟೇಪು ಅಂಟಿಸಿ, ಒಳಗೆ ಟಾರ್ಚ್ ಹಚ್ಚಿ ಎಲ್ಲಿಂದ ಬೆಳಕು ಸೋರುತ್ತದೆ ಎಂದು ಹುಡುಕಿದಳು. ಹೊಗೆ ಹೋಗಲು ಕಿಟಕಿಗೆ ಕೊಳವೆ ಕೊಟ್ಟರು. ಯಂತ್ರ ಓಡಿಸಿದ ಮೊದಲ ದಿನ ಸಾಕಮ್ಮನಿಗೆ ಕೋಣೆಯಲ್ಲೇ ಒಂದು ಕುರ್ಚಿ ಹಾಕಿದರು. ಇಂದ್ರಾಣಿ ಅವಳ ಕಣ್ಣಿಗೂ ಒಂದು ಕನ್ನಡಕ ಏರಿಸಿದಳು.

"ಕುರುಡಿಗೆ ಯಾಕವ್ವ ಕನ್ನಡ್ಕ?" ಎಂದು ಸಾಕಮ್ಮ ನಕ್ಕಳು.

"ಹೊಸ ಪೆಟ್ಟಿಗೆ ಅಮ್ಮ, ಮೊದಲ ದಿನ ಎಲ್ಲರೂ ಹಾಕಬೇಕು. ನಿಮಗೊಬ್ಬರಿಗೇ ಬಿಟ್ರೆ ನಿಮ್ಮ ಮಗನೂ ಕಿತ್ತಿಡ್ತಾರೆ."

"ಅಂಗಾರೆ ಬಿಗಿಯಾಗೇ ಕಟ್ಟು."

ಯಂತ್ರ ಗುನುಗುತ್ತಿತ್ತು. ಸಾಕಮ್ಮ ವಾಸನೆ ಹಿಡಿದು "ಇದು ಬೇವು", "ಇದು ತೇಗ" ಎಂದು ಮರದ ಹೆಸರು ಹೇಳುತ್ತಿದ್ದಳು, ನಾಗೇಂದ್ರ ಹೌದೆನ್ನುತ್ತಿದ್ದ. ಮಾತಿನ ನಡುವೆ ಅವಳೇ ಕೇಳಿದಳು: ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಎರಡೂ ಒಂದೇ ಅಳತೆ, ಮುಚ್ಚಳ ತೆಗೆದು ನೆಕ್ಕಿ ನೋಡಬೇಕು, ಅದಕ್ಕೇನಾದರೂ ಗುರುತು ಮಾಡಿಕೊಡ್ತೀರಾ? ಉಪ್ಪಿಗೆ ಒಂದು ಗೀಟು, ಸಕ್ಕರೆಗೆ ಒಂದು ಸೊನ್ನೆ ಕೆತ್ತಿದ ಬಿಲ್ಲೆಗಳು ಅವತ್ತೇ ಸಿದ್ಧವಾದವು. ಅದಕ್ಕೆ ಮೂರು ಆಂಪಿಯರೂ ಬೇಕಾಗಲಿಲ್ಲ.

ಶ್ರಾವಣ ಕಳೆದ ಮೇಲೆ ಒಂದು ದಿನ ಸಾಕಮ್ಮ ಹೊಸ ಸೀರೆಯುಟ್ಟು, "ನಡಿ, ಸೋಸಲೆಗೆ ಓಗ್ಬರವ" ಎಂದಳು.

"ಯಾಕವ್ವ?"

"ನೀನಾಗಿ ಕೇಳೋ ಒತ್ಗೆ ನಾನಿರಾಕಿಲ್ಲ. ನಡಿ."

ಇಂದ್ರಾಣಿಯ ತಂದೆ ಮಾರಯ್ಯ ಕಾವೇರಿ ದಡದಲ್ಲಿ ಸ್ವಲ್ಪ ಗದ್ದೆ ಇಟ್ಟುಕೊಂಡು ಬದುಕಿದವನು. ಮಗಳ ಮದುವೆಯ ಮಾತನ್ನು ಅವನು ಬಿಟ್ಟು ಕಾಲವಾಗಿತ್ತು. ಕುರುಡು ಹೆಂಗಸೊಬ್ಬಳು ಮಗನ ತೋಳು ಹಿಡಿದು ಮನೆ ಮೆಟ್ಟಿಲು ಹತ್ತುವುದನ್ನು ಕಂಡು ಓಡಿ ಬಂದು ಕೈ ಹಿಡಿದ.

"ಬನ್ನಿ ತಾಯಿ. ಏನ್ ಇಷ್ಟು ದೂರ?"

"ಎಣ್ಣು ನೋಡಕ್ಕೆ ಬಂದಿವ್ನಿ ಕಣಪ್ಪ" ಎಂದಳು ಸಾಕಮ್ಮ.

ಮಾರಯ್ಯನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನಾಗೇಂದ್ರ ನೆಲ ನೋಡಿದ. ಒಳಗಿನಿಂದ ಇಂದ್ರಾಣಿಯ ನಗು ಕೇಳಿಸಿತು. ಆಗ ಸಾಕಮ್ಮನೂ ನಕ್ಕಳು, ಎಲ್ಲರೂ ನಕ್ಕರು.

ಕೂತು ಸುಧಾರಿಸಿಕೊಂಡ ಮೇಲೆ ಮಾರಯ್ಯ ಮುಖ ಗಂಭೀರ ಮಾಡಿಕೊಂಡ. "ಒಂದು ಮಾತು ಮುಂಚೇನೇ ಹೇಳ್ಬುಡ್ತೀನಿ ತಾಯಿ. ಮುಚ್ಚಿಡಬಾರ್ದು. ನಮ್ಮುಡುಗಿಗೆ ಎಡಗಣ್ಣು..."

"ಗೊತ್ತು ಕಣಪ್ಪ. ಆ ಕಣ್ಣಲ್ಲಿ ಮಖದ ಮಧ್ಯ ಕಾಣಾಕಿಲ್ವಂತೆ. ನನ್ ಮಗನ ಮೂಗು ಅಂತಾ ನೋಡಂಗೇನೂ ಇಲ್ಲ ಬುಡು."

ಇಂದ್ರಾಣಿ ಕಾಫಿ ತಂದಳು. ಮೊದಲ ಲೋಟವನ್ನು ಸಾಕಮ್ಮನ ಕೈಗೆ ಕೊಟ್ಟು, ಅವಳ ಬೆರಳು ಲೋಟವನ್ನು ಸರಿಯಾಗಿ ಹಿಡಿಯುವ ತನಕ ತನ್ನ ಕೈ ಬಿಡಲಿಲ್ಲ. ಮಾರಯ್ಯ ಅದನ್ನು ನೋಡಿದ. ಅವನ ಕಣ್ಣು ತುಂಬಿತು. ಟವೆಲ್ಲಿನಿಂದ ಒರೆಸಿಕೊಂಡು ಮಗಳನ್ನು ಕೇಳಿದ:

"ನೀನೇನಂತೀಯವ್ವ?"

ಇಂದ್ರಾಣಿ ನಾಗೇಂದ್ರನಿಗೂ ಒಂದು ಲೋಟ ಕೊಟ್ಟಳು. ಅವನು ತಲೆ ಎತ್ತುವ ತನಕ ಎದುರಿಗೇ ನಿಂತಿದ್ದಳು.

"ದೇವನೂರಿಂದ ನರಸೀಪುರಕ್ಕೆ ಬೆಳಿಗ್ಗೆ ಕಾಲೇಜು ಹೊತ್ತಿಗೆ ಸರಿಯಾಗಿ ಬಸ್ಸಿದೆಯಪ್ಪ" ಎಂದಳು. "ಆವಾಗಲೇ ವಿಚಾರಿಸಿದ್ದೀನಿ."